ಹೋಟೆಲು ನಮ್ಮವರದು, ಊಟ ಯಾರದು?

ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೊಸ ಬಗೆಯ ರೆಸ್ಟೋರೆಂಟೊಂದಕ್ಕೆ ಹೋದವರಿಗೆ ಇಂದು ತಿನಿಸಿನ ಪಟ್ಟಿಯಲ್ಲಿ ನೀರುದೋಸೆ, ಕೋರಿ ಗಸಿ, ಪತ್ರೊಡೆ, ಸುಕ್ಕ ಎಂಬ ಹೆಸರುಗಳು ಕಾಣಸಿಗುತ್ತವೆ. ಮಂದ ಬೆಳಕು, ದೊಡ್ಡ ತಟ್ಟೆ, ಅದರ ನಡುವೆ ನಾಜೂಕಾಗಿ ಮಡಚಿಟ್ಟ ಎರಡು ನೀರುದೋಸೆ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂಥ ಊರಿನವರಿಗೆ ಇದು ಸ್ವಲ್ಪ ಸೋಜಿಗದ ನೋಟವೇ ಸರಿ. ಅಲ್ಲಿ ಕೋರಿ ರೊಟ್ಟಿ ನೆಂಟರು ಬಂದ ದಿನದ ಊಟ. ಪತ್ರೊಡೆ ಆಟಿ ತಿಂಗಳ ತಿಂಡಿ. ಉಳಿದ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ, ಮಳೆಗಾಲಕ್ಕೆಂದು ತೆಗೆದಿಟ್ಟ ಒಣಮೀನು.

ಸೋಜಿಗಕ್ಕಿಂತ ದೊಡ್ಡದು ಇಲ್ಲಿರುವ ಪ್ರಶ್ನೆ. ದಕ್ಷಿಣ ಕನ್ನಡದವರು ದೇಶದ ನಗರಗಳಲ್ಲಿ ಹೋಟೆಲು ನಡೆಸಲು ತೊಡಗಿ ಒಂದು ಶತಮಾನ ದಾಟಿದೆ. ಹೀಗಿರುವಾಗ ಅವರ ಮನೆಯ ಅಡುಗೆ ನಗರದ ದೊಡ್ಡ ಮೇಜಿಗೆ ಬರಲು ಅಷ್ಟು ತಡವಾದದ್ದು ಏಕೆ?

ಮೊದಲು ಊರು ಬಿಟ್ಟವರ ಕಥೆ ನೋಡೋಣ. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಪೇಟೆಗಳನ್ನು ಮುಳುಗಿಸಿದ ನೆರೆಯನ್ನು ತುಳುವರು 'ಮಾರಿ ಬೊಳ್ಳ' ಎಂದೇ ನೆನಪಿಟ್ಟುಕೊಂಡಿದ್ದಾರೆ. ನೆರೆಗೆ ಮುಂಚೆಯೂ ಇಲ್ಲಿನ ಗದ್ದೆಗಳು ಹಿಡುವಳಿದಾರರ ದೊಡ್ಡ ಕುಟುಂಬಗಳನ್ನು ವರ್ಷಪೂರ್ತಿ ಸಾಕುವಷ್ಟು ಕೊಡುತ್ತಿರಲಿಲ್ಲ. ಗೇಣಿ ಅಳೆದ ಮೇಲೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1907ರಿಂದ ಮಂಗಳೂರಿಗೂ ಮದರಾಸಿಗೂ ರೈಲಿನ ಸಂಪರ್ಕವಿತ್ತು. ಮುಂಬಯಿಗೆ ಹಡಗಿತ್ತು. ಹುಡುಗರು ಹೊರಟರು.

ಹೀಗೆ ಹೊರಟವರಲ್ಲಿ ಬೆಳುವಾಯಿಗೆ ದೂರವಲ್ಲದ ಕಡಂದಲೆಯ ಕೃಷ್ಣರಾಯರೂ ಒಬ್ಬರು. 1898ರಲ್ಲಿ ಹುಟ್ಟಿದ ಅವರು ಅಡುಗೆಮನೆಯ ಸಣ್ಣಪುಟ್ಟ ಕೆಲಸದಿಂದ ಆರಂಭಿಸಿ, 1920ರ ದಶಕದಲ್ಲಿ ಮದರಾಸಿನಲ್ಲಿ ಸ್ವಂತ ಹೋಟೆಲು ತೆರೆದರು. ಮುಂದೆ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯೊಂದನ್ನು ಗೇಣಿಗೆ ಹಿಡಿದು ಹೋಟೆಲು ಮಾಡಿದಾಗ, ಆ ಬಂಗಲೆಗಿದ್ದ 'ವುಡ್‌ಲ್ಯಾಂಡ್ಸ್' ಎಂಬ ಹೆಸರೇ ಹೋಟೆಲಿಗೂ ಉಳಿಯಿತು. ಉಡುಪಿಯ ತಿಂಡಿಗೆ ಇಂಗ್ಲಿಷ್ ಹೆಸರು ಅಂಟಿಕೊಂಡದ್ದು ಹೀಗೆ. ಬೆಂಗಳೂರಿನಲ್ಲಿ ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟೆಲು ಇಂದು ಎಂ.ಟಿ.ಆರ್. ಎಂದು ಪ್ರಸಿದ್ಧ.

ಈ ಎಂ.ಟಿ.ಆರ್.ನ ಮೊದಲ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್' ಎಂಬುದನ್ನು ಇಲ್ಲಿ ಗಮನಿಸಬೇಕು. ಮನೆಯಿಂದ ಹೊರಗೆ, ಯಾರು ಬೇಯಿಸಿದರೆಂದು ತಿಳಿಯದ ಅನ್ನವನ್ನು ಉಣ್ಣಲು ಹಿಂಜರಿಯುತ್ತಿದ್ದ ಕಾಲವದು. ಅಡುಗೆ ಯಾರ ಕೈಯದು ಎಂಬ ಪ್ರಶ್ನೆಗೆ ಫಲಕವೇ ಉತ್ತರ ಹೇಳಬೇಕಿತ್ತು. ಅಷ್ಟಮಠಗಳ ಊರಾದ ಉಡುಪಿಯ ಹೆಸರು ಈ ಭರವಸೆಯನ್ನು ಕೊಟ್ಟಿತು. ಹೆಸರಿನೊಂದಿಗೆ ಅದರ ಕಟ್ಟಳೆಯೂ ಬಂದಿತು: ಮೀನು, ಮಾಂಸ ದೂರವೇ ಉಳಿಯಿತು.

ಅದೇ ಫಲಕದ ಹಿಂದೆ ಕಹಿಯೂ ಇತ್ತು. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಒಳಗೆ ಜಾಗವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ಸಂವಿಧಾನದಲ್ಲಿ ಹೋಟೆಲಿನ ಪ್ರಸ್ತಾಪ ಬರಬೇಕಾಯಿತೆಂದರೆ, ಕಾಫಿ ಕುಡಿಯುವ ಮೇಜು ಎಂಥ ಜಗಳದ ಜಾಗವಾಗಿತ್ತೆಂದು ಊಹಿಸಬಹುದು. ಅದಾದ ಮೇಲೂ, 1957ರಲ್ಲಿ, ಮದರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಸಲು ಪೆರಿಯಾರ್ ಅನುಯಾಯಿಗಳು ಚಳವಳಿ ಹೂಡಬೇಕಾಯಿತು. ಆದರೂ ಒಂದು ಮಾತು ಒಪ್ಪಲೇಬೇಕು. ಕಾನೂನು ಬಾಗಿಲು ತೆರೆಸಿತು. ಅಗ್ಗದ ಇಡ್ಲಿ ಮತ್ತು ಗಿರಾಕಿಗಳ ಅವಸರ ಸೇರಿ ಅಪರಿಚಿತರನ್ನು ಒಂದೇ ಮೇಜಿನಲ್ಲಿ ಕೂರಿಸಿದವು.

ಎರಡನೆಯ ಅಲೆ ಹೆಚ್ಚಾಗಿ ಮುಂಬಯಿಯದು. ಬೆಳುವಾಯಿ, ಕಾರ್ಕಳ ಕಡೆಯ ಬಂಟರು, ಬಿಲ್ಲವರು, ಇತರರು ಅಲ್ಲಿನ ಹೋಟೆಲುಗಳಿಗೆ ಸೇರಿದರು. ಹಗಲು ಮೇಜು ಒರೆಸಿ, ಇರುಳು ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದವರ ಒಂದು ತಲೆಮಾರೇ ಇದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಉಳುವವನನ್ನು ಒಡೆಯನನ್ನಾಗಿಸಿದಾಗ, ಭೂಮಿ ಪಡೆದವರು ಊರಿನಲ್ಲಿ ನಿಂತರು. ಕಳೆದುಕೊಂಡ ಮನೆಗಳ ಮಕ್ಕಳು ಬೇರೆ ದಾರಿ ಹುಡುಕಬೇಕಾಯಿತು. ಅವರಲ್ಲಿ ಹಲವರ ಪಾಲಿಗೆ ಆ ದಾರಿ ಮುಂಬಯಿಯ ಹೋಟೆಲಿಗೆ ತಲುಪಿತು.

ಇವರ ಮನೆಗಳಲ್ಲಿ ಮೀನು, ಕೋಳಿ ನಿಷಿದ್ಧವಲ್ಲ. ಆದರೂ ಇವರು ತೆರೆದ ಹೋಟೆಲುಗಳಲ್ಲಿ ಬಹುಪಾಲು ದೋಸೆ, ಇಡ್ಲಿ, ಪಾವ್ ಭಾಜಿ. ಮೇಲ್ದರ್ಜೆಯ ರೆಸ್ಟೋರೆಂಟ್ ಆದರೆ ಪಂಜಾಬಿ, ಮೊಘಲಾಯಿ, ಚೈನೀಸ್. ಇದಕ್ಕೂ ಇತಿಹಾಸದ ಕಾರಣವಿದೆ. 1947ರ ದೇಶವಿಭಜನೆಯಲ್ಲಿ ನೆಲೆ ತಪ್ಪಿ ದಿಲ್ಲಿಗೆ ಬಂದ ಪಂಜಾಬಿಗಳು ತಂದೂರಿ ಕೋಳಿಯನ್ನು ಜನಪ್ರಿಯಗೊಳಿಸಿದರು. ಮುಂದೆ ಅದೇ 'ಹೊರಗಿನ ಊಟ'ದ ಮಾದರಿಯಾಯಿತು. ಗಿರಾಕಿ ಕೇಳಿದ್ದನ್ನು ಕೊಡುವುದು ವ್ಯಾಪಾರದ ಧರ್ಮ. ಊರಿನ ಊಟ ಬೇಕೆನಿಸಿದವರಿಗೆ ಕೋಟೆ ಪ್ರದೇಶದ ಗಲ್ಲಿಗಳ 'ಲಂಚ್ ಹೋಮ್'ಗಳಿದ್ದವು. ಅಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಸಿಗುತ್ತಿತ್ತು. ಆದರೆ ಅದು ಬಹುಮಟ್ಟಿಗೆ ನಮ್ಮವರು ನಮ್ಮವರಿಗೇ ಬಡಿಸಿದ ಊಟವಾಗಿತ್ತು.

ಇಂಥದೇ ಕಥೆ ಸಾಗರದಾಚೆಯೂ ನಡೆದಿದೆ. ಬ್ರಿಟನ್ನಿನ 'ಇಂಡಿಯನ್' ರೆಸ್ಟೋರೆಂಟುಗಳಲ್ಲಿ ಬಹಳಷ್ಟನ್ನು ನಡೆಸಿದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರು ಬಡಿಸಿದ್ದು ಚಿಕನ್ ಟಿಕ್ಕಾ ಮಸಾಲ. ಹೊಳೆಮೀನಿನ ಸಾರು ಮಾತ್ರ ಕೆಲಸ ಮುಗಿದ ಮೇಲೆ ತಮ್ಮ ಪಾಲಿಗೆ. ವಲಸೆ ಬಂದವನು ತನ್ನ ದುಡಿಮೆಯನ್ನು ಮೊದಲು ಮಾರುತ್ತಾನೆ. ತನ್ನ ಮನೆಯ ರುಚಿಗೂ ಬೆಲೆಯಿದೆ ಎಂಬ ಧೈರ್ಯ ಅವನಿಗೆ ಕೊನೆಗೆ ಬರುತ್ತದೆ.

ಆ ಧೈರ್ಯ ನಮ್ಮಲ್ಲಿ ಎದ್ದು ಕಂಡದ್ದು 1990ರ ಸುಮಾರಿಗೆ. ಆ ವರ್ಷ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ತಾಜ್ ಸಮೂಹದ ಹೋಟೆಲೊಂದು 'ಕರಾವಳಿ' ಎಂಬ ರೆಸ್ಟೋರೆಂಟನ್ನು ತೆರೆದು, ಪಶ್ಚಿಮ ಕರಾವಳಿಯ ಮತ್ತು ಕೊಡಗಿನ ಮನೆ ಅಡುಗೆಯನ್ನೇ ಮುಂದಿಟ್ಟಿತು. ಪಂಚತಾರಾ ಮೇಜಿನ ಮೇಲೆ ಗಸಿ ಬಂದು ಕೂತಿತು. ಮುಂಬಯಿಯ ಮಂಗಳೂರು ಮೀನಿನ ಹೋಟೆಲುಗಳು ಗಲ್ಲಿಯಿಂದ ಮುಖ್ಯರಸ್ತೆಗೆ ಬಂದವು. ಕುಂದಾಪುರದ ಘೀ ರೋಸ್ಟ್ ಇಂದು ದಿಲ್ಲಿಯವರಿಗೂ ಪರಿಚಿತ. ಹೊಸ ಪೀಳಿಗೆಯ ಪಾಕತಜ್ಞರು ತಟ್ಟೆಯನ್ನು ಚಿತ್ರದಂತೆ ಸಿಂಗರಿಸುತ್ತಾರೆ; ಆದರೆ ಹುರಿದ ಕೊತ್ತಂಬರಿ, ಬ್ಯಾಡಗಿ ಮೆಣಸು, ತೆಂಗಿನಕಾಯಿಯ ಆ ಹದವನ್ನು ಕಂಡುಹಿಡಿದವರು ಅವರಲ್ಲ. ಕಡೆಯುವ ಕಲ್ಲಿನ ಮುಂದೆ ಕೂತು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹೋಟೆಲಿನ ಇತಿಹಾಸವೆಂದರೆ ಊರು ಬಿಟ್ಟ ಗಂಡಸರ ಕಥೆ ಎಂಬಂತಾಗಿದೆ. ಅವರು ಕಳುಹಿಸುತ್ತಿದ್ದ ಮನಿಯಾರ್ಡರಿಗೆ ಕಾಯುತ್ತ ಒಲೆ ಉರಿಸಿದವರ ಕಥೆಯೂ ಅದರಲ್ಲಿ ಸೇರಬೇಕಲ್ಲವೆ?

ಈಗ ಚಕ್ರ ಇನ್ನೊಂದು ಸುತ್ತು ಬಂದಿದೆ. ಕರಾವಳಿಯ ಹೋಟೆಲುಗಳಲ್ಲಿ ಮೇಜು ಒರೆಸುವ, ಅಡುಗೆಮನೆಯಲ್ಲಿ ಬೆವರುವ ಹುಡುಗರಲ್ಲಿ ಈಗ ಅನೇಕರು ಒಡಿಶಾ, ಅಸ್ಸಾಂ, ನೇಪಾಳದವರು. ನೀರುದೋಸೆ ಹೊಯ್ಯುವುದನ್ನು ಅವರು ಚೆನ್ನಾಗಿಯೇ ಕಲಿತಿದ್ದಾರೆ. ಅಂಗಡಿ ಮುಚ್ಚಿದ ಮೇಲೆ ಅವರು ತಮಗಾಗಿ ಏನು ಬೇಯಿಸಿಕೊಳ್ಳುತ್ತಾರೆಂದು ನಮ್ಮಲ್ಲಿ ಕೇಳಿದವರು ಎಷ್ಟು ಮಂದಿ? ನೂರು ವರ್ಷಗಳ ಹಿಂದೆ ಮದರಾಸಿನಲ್ಲಿ, ಮುಂಬಯಿಯಲ್ಲಿ ನಮ್ಮ ಹುಡುಗರನ್ನೂ ಯಾರೂ ಹಾಗೆ ಕೇಳಿರಲಿಲ್ಲ.