ಪ್ರೆಸ್‌ಗಿಂತ ಮೊದಲು ತಕ್ಕಡಿ

ಸುಟ್ಟ ತೋಟಾದ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಹಾರಿಸುವವರು ಅಮೆರಿಕದಲ್ಲಿ ಬಹಳ. ಮಲೆನಾಡಿನ ಕೇಪಿನ ಕೋವಿಗೆ ಈಡು ತುಂಬುವುದನ್ನು ಕಂಡವರಿಗೆ ಇದು ತೀರಾ ಹೊಸದೇನಲ್ಲ. 1870ರ ದಶಕದ ಬೈಸನ್ ಬೇಟೆಗಾರರಿಗಂತೂ ಅನಿವಾರ್ಯ, ಅಂಗಡಿ ದೂರ. ಅವರ ಕರಿಮದ್ದು ಕೊಳವೆಯ ತುಂಬಾ ಹಿಡಿಯುತ್ತಿತ್ತು, ಹೆಚ್ಚು ಸುರಿಯಲು ಜಾಗವೇ ಇರಲಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ತಯಾರಿಸಿದರು. ಅದು ಬಲ ಹೆಚ್ಚಿದ ಮದ್ದು, ಸ್ವಲ್ಪವೇ ಸಾಕು. ಹಾಗಾಗಿ ಕೆಲವು ಪಿಸ್ತೂಲು ತೋಟಾಗಳಲ್ಲಿ ಎರಡು ಪಾಲು ಬಿದ್ದರೂ ಗೊತ್ತಾಗುವುದಿಲ್ಲ. ಆಯುಧ ಕೈಯಲ್ಲೇ ಸಿಡಿಯಬಹುದು.

ಯಾವ ಪ್ರೆಸ್ ಕೊಳ್ಳಲಿ ಎಂದು ಹೊಸಬರು ಕೇಳುತ್ತಾರೆ. ಮೊದಲು ತಕ್ಕಡಿ ಎನ್ನುತ್ತೇನೆ, ಗ್ರೇನಿನ ಹತ್ತರಲ್ಲೊಂದು ಪಾಲನ್ನು ತೋರಿಸುವಂಥದ್ದು. ಜೊತೆಗೆ ಮದ್ದಿನ ಅಳತೆಗಳ ಪುಸ್ತಕ. ಪ್ರೆಸ್ ಒಂದೊಂದೇ ತೋಟಾ ಒತ್ತುವ ಸರಳದ್ದಿರಲಿ. ನಿಧಾನವಾದರೆ ಪ್ರತಿ ಕೊಳವೆಯೊಳಗೂ ಇಣುಕಿ ನೋಡಲು ಪುರುಸೊತ್ತಿರುತ್ತದೆ.