ದುಷ್ಟವ್ರಣ ಚಿಕಿತ್ಸೆ ಮತ್ತು ಜೈನ ವೈದ್ಯಗ್ರಂಥಗಳಲ್ಲಿ ‘ಮಧು’ ಶಬ್ದದ ಪಾಠವಿಚಾರ

ಬಹುಕಾಲ ಮಾಯದೆ, ಕೀವು ದುರ್ಗಂಧಗಳಿಂದ ಕೂಡಿ ಒಸರುತ್ತಿರುವ ಹುಣ್ಣನ್ನು ಆಯುರ್ವೇದವು ದುಷ್ಟವ್ರಣವೆಂದು ಕರೆಯುತ್ತದೆ. ವ್ರಣಕ್ಕೆ ಚರಕಸಂಹಿತೆಯು 36 ಉಪಕ್ರಮಗಳನ್ನೂ ಸುಶ್ರುತಸಂಹಿತೆಯು 60 ಉಪಕ್ರಮಗಳನ್ನೂ ಹೇಳಿವೆ. ಇವುಗಳಲ್ಲಿ ಮುಖ್ಯವಾದುವು ಎರಡು: ಮೊದಲು ಶೋಧನ, ಅನಂತರ ರೋಪಣ. ಮಧುಮೇಹಿಗಳ ವ್ರಣವು ಕಷ್ಟಸಾಧ್ಯವೆಂದು ಸುಶ್ರುತನು ಅಂದೇ ಎಚ್ಚರಿಸಿರುವುದು ಗಮನಾರ್ಹ.

ಸುಶ್ರುತನ ಮತದಂತೆ ಎಳ್ಳಿನ ಕಲ್ಕವು ಬೇವಿನೆಲೆ ಮತ್ತು ಜೇನಿನೊಡನೆ ಸೇರಿದಾಗ ಶೋಧನಕಾರಿ. ಅದಕ್ಕೆ ತುಪ್ಪವೂ ಕೂಡಿದರೆ ರೋಪಣಕಾರಿ. ಇಲ್ಲಿ ಜೈನ ವೈದ್ಯನಿಗೆ ಧರ್ಮಸಂಕಟವೊಂದು ಒದಗುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದುದು. ಜೇನಿನ ದೋಷವು ಅದನ್ನು ಪಡೆಯುವಲ್ಲಿನ ಹಿಂಸೆಯಲ್ಲಿರುವುದರಿಂದ, ಅದನ್ನು ತಿನ್ನದೆ ಹುಣ್ಣಿಗೆ ಲೇಪಿಸಿದ ಮಾತ್ರಕ್ಕೆ ಸಂಶಯ ಪರಿಹಾರವಾಗದು.

ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಅಹಿಂಸಾಪರ ವೈದ್ಯಗ್ರಂಥವೆಂದು ಪ್ರಸಿದ್ಧ. ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ಪ್ರತಿಪಾದಿಸಿದ ಪ್ರಸಂಗವು ಅದರ ಕೊನೆಯಲ್ಲಿದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಶಲ್ಯತಂತ್ರವನ್ನು ಪಾತ್ರಸ್ವಾಮಿಗಳು ರಚಿಸಿದ್ದರೆಂದು ಉಗ್ರಾದಿತ್ಯರು ಸ್ಮರಿಸುತ್ತಾರೆ. ಆ ಗ್ರಂಥ ಇಂದು ಅಲಭ್ಯ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದನು.

ಇಂಥ ಗ್ರಂಥಗಳ ಪಾಠನಿರ್ಣಯದಲ್ಲಿ ಮೂರು ಶಬ್ದಗಳನ್ನು ಬೇರ್ಪಡಿಸಬೇಕು: ಮಧು ಎಂದರೆ ಜೇನು, ಮಧುಕ ಎಂದರೆ ಯಷ್ಟಿಮಧು, ಮಧೂಚ್ಛಿಷ್ಟ ಎಂದರೆ ಜೇನುಮೇಣ. ಪ್ರಸಿದ್ಧವಾದ ಜಾತ್ಯಾದಿ ಘೃತದ ಯೋಗದಲ್ಲಿ ಮಧುಕವೂ ಮೇಣವೂ ಉಂಟು. ಲಿಪಿಕಾರನು ಒಂದು ಕಕಾರವನ್ನು ಬಿಟ್ಟರೆ ಯಷ್ಟಿಮಧುವು ಜೇನಾಗುತ್ತದೆ. ಶ್ಲೋಕದಲ್ಲಾದರೆ ಛಂದಸ್ಸು ಈ ಲೋಪವನ್ನು ತೋರಿಸಿಕೊಡುತ್ತದೆ. ಗದ್ಯದ ಕನ್ನಡ ಟೀಕೆಗಳಿಗೆ ಆ ರಕ್ಷಣೆಯಿಲ್ಲ. ಆದುದರಿಂದ ಒಂದೇ ಪ್ರತಿಯ ಆಧಾರದಿಂದ ಜೈನ ವೈದ್ಯರು ಜೇನನ್ನು ಬಳಸಿದರೆಂದಾಗಲಿ ಬಿಟ್ಟರೆಂದಾಗಲಿ ತೀರ್ಮಾನಿಸುವುದು ಸಾಧುವಲ್ಲ.

ರಾಯಚೂರು, ದೇವದುರ್ಗ, ಮಾನ್ವಿಗಳು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಸೇರಿದುವು. ಉತ್ತರಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಪಶ್ಚಿಮಕ್ಕೆ, 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಜೈನತೀರ್ಥ ಕೊಪಣ. ಈ ಊರುಗಳ ಮನೆಗಳಲ್ಲಿ ವೈದ್ಯದ ಓಲೆಗರಿಯ ಕಟ್ಟುಗಳೇನಾದರೂ ದೊರೆತರೆ, ಬಿಡಿಗರಿಗಳೆಂದು ಉಪೇಕ್ಷಿಸದೆ ವ್ರಣಪ್ರಕರಣವನ್ನು ಅಕ್ಷರಶಃ ಪ್ರತಿಮಾಡಿಕೊಳ್ಳಬೇಕು. ತಿದ್ದುಪಡಿಯನ್ನು ಬೇರೆಯಾಗಿ ಗುರುತಿಸಬೇಕು. ಶಲ್ಯತಂತ್ರವನ್ನು ಕಳೆದುಕೊಂಡ ಪರಂಪರೆಗೆ ಅಂಥ ಒಂದು ಗರಿಯೂ ಅಮೂಲ್ಯ.