ನೌಕರನ ಬಾಯಲ್ಲಿ ಧಣಿಯ ಕಥೆ: 1933ರ ‘ದಿ ಪವರ್ ಅಂಡ್ ದಿ ಗ್ಲೋರಿ’

‘ಸಿಟಿಜನ್ ಕೇನ್’ (1941) ಬಗ್ಗೆ ಬರೆಯುವವರು ಅಡಿಟಿಪ್ಪಣಿಯಲ್ಲೊಮ್ಮೆ ನೆನೆದು ಮುಂದೆ ಸಾಗುವ ಚಿತ್ರ ‘ದಿ ಪವರ್ ಅಂಡ್ ದಿ ಗ್ಲೋರಿ’. ಫಾಕ್ಸ್ ಸಂಸ್ಥೆಗಾಗಿ ಜೆಸ್ಸಿ ಲಾಸ್ಕಿ ನಿರ್ಮಿಸಿ, ವಿಲಿಯಂ ಕೆ. ಹೊವಾರ್ಡ್ ನಿರ್ದೇಶಿಸಿದ 76 ನಿಮಿಷಗಳ ಈ ವಾಕ್ಚಿತ್ರ 1933ರ ಆಗಸ್ಟ್ 16ರಂದು ನ್ಯೂಯಾರ್ಕಿನ ಗೇಯಟಿ ಚಿತ್ರಮಂದಿರದಲ್ಲಿ ತೆರೆಕಂಡಿತು. (ಗ್ರಹಾಂ ಗ್ರೀನ್ ಅವರ ಇದೇ ಹೆಸರಿನ ಕಾದಂಬರಿ 1940ರದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) ರೈಲ್ವೆ ಕಂಪನಿಯ ಅಧ್ಯಕ್ಷ ಟಾಮ್ ಗಾರ್ನರ್‌ನ ಬದುಕನ್ನು ಅವನ ಶವಸಂಸ್ಕಾರದಿಂದ ಆರಂಭಿಸಿ, ಕಾಲಕ್ರಮ ಬಿಟ್ಟು ಹಿಂದೆ ಮುಂದೆ ಓಡಾಡುತ್ತ ಹೇಳುವ ಚಿತ್ರ ಇದು. ಆ ಕಾಲಕ್ರಮದ ಬಗ್ಗೆ ಚರ್ಚೆ ಸಾಕಷ್ಟಾಗಿದೆ. ಕಥೆಯನ್ನು ಯಾರ ಬಾಯಲ್ಲಿ ಹೇಳಿಸಿದ್ದಾರೆ, ಅದರಿಂದ ಧಣಿಯ ಚಿತ್ರಕ್ಕೆ ಏನಾಯಿತು ಎಂಬುದರ ಬಗ್ಗೆ ಆಗಬೇಕಾದಷ್ಟು ಆಗಿಲ್ಲ.

ಚಿತ್ರಕಥೆ ಪ್ರೆಸ್ಟನ್ ಸ್ಟರ್ಜಸ್ ಅವರದು. ಅದರ ಬೇರು ಅವರ ಎರಡನೇ ಮದುವೆಯಲ್ಲಿದೆ. 1930ರಲ್ಲಿ ಅವರು ಮನೆಯವರ ವಿರೋಧದ ನಡುವೆ ಮದುವೆಯಾದ ಎಲೀನರ್, ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಧಾನ್ಯದ ತಿಂಡಿ ಪೊಟ್ಟಣಗಳಿಂದ ಕೋಟಿಗಟ್ಟಲೆ ಗಳಿಸಿದ ಸಿ. ಡಬ್ಲ್ಯು. ಪೋಸ್ಟ್ ಅವರ ಮೊಮ್ಮಗಳು. ಪೋಸ್ಟ್ ಕಾರ್ಮಿಕ ಸಂಘಗಳ ಕಡುವಿರೋಧಿ. ಮೊದಲ ಹೆಂಡತಿಯನ್ನು ಬಿಟ್ಟು 1904ರಲ್ಲಿ ತಮ್ಮ ಕಚೇರಿಯ ಕಾರ್ಯದರ್ಶಿಯನ್ನೇ ಮದುವೆಯಾದವರು; 1914ರಲ್ಲಿ ಗುಂಡು ಹಾರಿಸಿಕೊಂಡು ತೀರಿಕೊಂಡರು. ಆಗ ಎಲೀನರ್‌ಗೆ ಐದು ವರ್ಷವೂ ತುಂಬಿರಲಿಲ್ಲ. ಹಾಗಾಗಿ ಆಕೆ ಗಂಡನಿಗೆ ಹೇಳಿದ್ದರಲ್ಲಿ ಬಹುಪಾಲು ಮನೆಮಂದಿಯಿಂದ ಕೇಳಿಸಿಕೊಂಡದ್ದೇ ಇರಬೇಕು. ಆ ಕಥೆಗಳು ಕ್ರಮವಿಲ್ಲದೆ, ನೆನಪಾದ ಹಾಗೆ ಬಂದವು. ಹಾಗೆ ಬಂದದ್ದರಿಂದಲೇ ಸತ್ತ ಮನುಷ್ಯ ಕಣ್ಣಿಗೆ ಕಟ್ಟಿದ ಎಂಬುದು ಸ್ಟರ್ಜಸ್ ಮುಂದೆ ಕೊಟ್ಟ ವಿವರಣೆ. 1932ರ ಹೊತ್ತಿಗೆ ಮದುವೆ ಮುರಿದುಬಿತ್ತು. ಕಥೆ ಉಳಿಯಿತು. ತಿಂಡಿ ಕಾರ್ಖಾನೆಯ ಜಾಗದಲ್ಲಿ ರೈಲು ಬಂತು. ಮುಷ್ಕರ, ಎರಡನೇ ಮದುವೆ, ಆತ್ಮಹತ್ಯೆ ಮೂರೂ ಚಿತ್ರಕ್ಕೆ ಬಂದವು.

ಗಾರ್ನರ್ (ಸ್ಪೆನ್ಸರ್ ಟ್ರೇಸಿ) ಮೊದಲಿಗೆ ಹಳಿ ನೋಡಿಕೊಂಡು ನಡೆಯುವ ಗ್ಯಾಂಗ್‌ಮನ್, ಅಕ್ಷರ ಬಾರದವನು. ಅಕ್ಷರ ಕಲಿಸಿದ ಶಾಲಾ ಮೇಡಂ ಸ್ಯಾಲಿ (ಕಾಲೀನ್ ಮೂರ್) ಅವನನ್ನು ಮದುವೆಯಾಗಿ, ಓದಲು ಶಿಕಾಗೋಗೆ ಕಳಿಸಿ, ಅವನ ಬದಲು ತಾನೇ ಹಳಿಯ ಮೇಲೆ ನಡೆಯುತ್ತಾಳೆ. ಅವನು ಅಧ್ಯಕ್ಷನಾಗಿ ಬೇರೊಬ್ಬಳಿಗೆ ಮನಸೋತಾಗ ಟ್ರಾಮಿಗೆ ಅಡ್ಡ ಬಿದ್ದು ಸಾಯುತ್ತಾಳೆ. ಎರಡನೇ ಹೆಂಡತಿ ಈವ್‌ಗೆ ಗಾರ್ನರ್‌ನ ಮಗನ ಜೊತೆಗೇ ಸಂಬಂಧ. ಅದು ತಿಳಿದ ದಿನ ಗಾರ್ನರ್ ಬದುಕು ಮುಗಿಸಿಕೊಳ್ಳುತ್ತಾನೆ. ಸಾರಾಂಶವಾಗಿ ಹೇಳಿದರೆ ಕಂಪನಿ ನಾಟಕದ ಸರಕು, ಅದನ್ನು ಒಪ್ಪಲೇಬೇಕು.

ಇದನ್ನೆಲ್ಲ ಹೇಳುವವನು ಹೆನ್ರಿ (ರಾಲ್ಫ್ ಮಾರ್ಗನ್): ಗಾರ್ನರ್‌ನ ಬಾಲ್ಯದ ಗೆಳೆಯ, ಆಮೇಲೆ ಅವನ ಸಂಬಳದ ಕಾರ್ಯದರ್ಶಿ. ಫಾಕ್ಸ್‌ನ ಪ್ರಚಾರ ವಿಭಾಗ ಈ ತಂತ್ರಕ್ಕೆ ‘ನ್ಯಾರಟೇಜ್’ ಎಂದು ಹೆಸರಿಟ್ಟಿತು. ಗೇಯಟಿಯಲ್ಲಿ ಅದರ ಸ್ಮಾರಕವಾಗಿ ಕಂಚಿನ ಫಲಕವನ್ನೂ ಹಾಕಿಸಿತು. ಪ್ರಚಾರದ ಅಬ್ಬರ ಬದಿಗಿಟ್ಟು ಗುಡ್ಡ ಹತ್ತುವ ದೃಶ್ಯ ನೋಡಬೇಕು. ಟಾಮ್ ಸ್ಯಾಲಿಗೆ ಮದುವೆಯ ಮಾತು ಎತ್ತಬೇಕೆಂದು ವಾಯುವಿಹಾರಕ್ಕೆ ಕರೆದೊಯ್ದಿದ್ದಾನೆ. ಧೈರ್ಯ ಬಾರದೆ ಇನ್ನೂ ಸ್ವಲ್ಪ ಮೇಲಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಎಂದು ಆಕೆಯನ್ನು ಏದುಸಿರು ಬರುವಷ್ಟು ಹತ್ತಿಸುತ್ತಾನೆ. ತುಟಿ ಆಡಿಸುವವರು ಟ್ರೇಸಿ ಮತ್ತು ಮೂರ್. ಕೇಳುವ ದನಿ ಮಾತ್ರ ಹೆನ್ರಿಯದು. ಹರಿಕಥೆ ದಾಸರು ಒಬ್ಬರೇ ನಿಂತು ಎಲ್ಲ ಪಾತ್ರಗಳ ಮಾತನ್ನೂ ಆಡುವಂತೆ ಅವನು ಇಬ್ಬರ ಪರವಾಗಿಯೂ ಮಾತಾಡುತ್ತಾನೆ. ವಾಕ್ಚಿತ್ರ ಬಂದು ಇನ್ನೂ ಆರೇಳು ವರ್ಷ. ನಟರ ಮಾತು ಹಿಡಿಯಲು ಮೈಕಿನ ಸುತ್ತ ನಿಲ್ಲಿಸುತ್ತಿದ್ದ ಚಿತ್ರಗಳು ಇನ್ನೂ ಬರುತ್ತಿದ್ದ ಕಾಲ. ಇಲ್ಲಿ ಸ್ಥಳದಲ್ಲಿ ಮಾತು ಹಿಡಿಯುವ ಗೋಜೇ ಇಲ್ಲ. ಹಾಗಾಗಿ ಜೇಮ್ಸ್ ವಾಂಗ್ ಹೌ ಅವರ ಕ್ಯಾಮೆರಾಕ್ಕೆ ಮೂಕಿ ಚಿತ್ರದ ಸ್ವಾತಂತ್ರ್ಯ ಮರಳಿ ಸಿಕ್ಕಿದೆ.

ಆದರೆ ಹೆನ್ರಿ ಆ ಗುಡ್ಡದ ಮೇಲೆ ಇರಲಿಲ್ಲ. ಮಲಗುವ ಕೋಣೆಯ ಜಗಳಗಳಲ್ಲೂ ಇರಲಿಲ್ಲ. ಉಪ್ಪಿನ ಋಣವಿರುವವನೊಬ್ಬ ಕಾಣದ್ದನ್ನೂ ಕಂಡಂತೆ ಹೇಳುತ್ತಿದ್ದಾನೆ, ಅದೂ ಒಪ್ಪದ ಕಿವಿಗೆ. ಅವನ ಹೆಂಡತಿಯ ದೃಷ್ಟಿಯಲ್ಲಿ ಗಾರ್ನರ್ ಕೆಟ್ಟವನು. ಮುಷ್ಕರದಲ್ಲಿ ಸತ್ತ 400ಕ್ಕೂ ಹೆಚ್ಚು ಕೆಲಸಗಾರರನ್ನು ಆಕೆ ಎತ್ತಿ ಆಡುತ್ತಾಳೆ. ಇಂಥ ಮನುಷ್ಯನನ್ನು ಎಲ್ಲರ ಅಳತೆಯಲ್ಲಿ ಅಳೆಯಬಾರದು ಎಂಬುದು ಹೆನ್ರಿಯ ವಾದ. ಅಮೆರಿಕದಲ್ಲಿ ಮಾರ್ಚ್ ತಿಂಗಳಲ್ಲಿ ಬ್ಯಾಂಕುಗಳಿಗೆಲ್ಲ ಬೀಗ ಬಿದ್ದ ವರ್ಷ 1933. ಆ ವರ್ಷ ಉದ್ಯಮಪತಿಯ ಪರ ಕಣ್ಣೀರು ಹಾಕಿಸುವುದು ಸುಲಭವಾಗಿರಲಿಲ್ಲ. ನನ್ನ ಮಟ್ಟಿಗೆ ಚಿತ್ರದ ಬಲ ಇಲ್ಲಿದೆ: ಹೆಂಡತಿಯ ಆರೋಪಕ್ಕೆ ಹೆನ್ರಿ ಕೊಡುವ ಉತ್ತರ ಸಾಲದು, ಸಾಲುವುದೆಂದು ಸ್ಟರ್ಜಸ್ ನಟಿಸುವುದೂ ಇಲ್ಲ. ದೌರ್ಬಲ್ಯವೂ ಇಲ್ಲಿಯೇ ಇದೆ. ಸತ್ತ ಕೆಲಸಗಾರರು ಒಂದು ಸಂಖ್ಯೆಯಾಗಿ ಉಳಿಯುತ್ತಾರೆ, ಧಣಿಯ ಸಂಸಾರದ ನೋವಿಗೆ ಮಾತ್ರ ಮುಖಗಳು ಸಿಗುತ್ತವೆ.

ಕೇನ್ ಜೊತೆಗಿನ ನಂಟಿನ ಬಗ್ಗೆ ಎರಡು ಮಾತು ಸಾಕು. 1971ರಲ್ಲಿ ವಿಮರ್ಶಕಿ ಪಾಲೀನ್ ಕೇಲ್ ‘ನ್ಯೂಯಾರ್ಕರ್’ ಪತ್ರಿಕೆಯ ದೀರ್ಘ ಲೇಖನದಲ್ಲಿ ಕೇನ್‌ಗೆ ಈ ಚಿತ್ರದ ಋಣವಿದೆ ಎಂದು ಒತ್ತಿ ಹೇಳಿದರು. ಈ ಚಿತ್ರವನ್ನು ತಾವು ನೋಡೇ ಇರಲಿಲ್ಲ ಎಂದು ಕೇನ್‌ನ ನಿರ್ದೇಶಕ ಆರ್ಸನ್ ವೆಲ್ಸ್, ನಿರ್ದೇಶಕ ಪೀಟರ್ ಬೊಗ್ಡನೋವಿಚ್ ಅವರಿಗೆ ಹೇಳಿದ್ದರು. ಯಾರ ಮಾತು ನಂಬಿದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕೇನ್‌ಗೆ ಸಾಕ್ಷಿಗಳು ಹಲವರು, ಒಬ್ಬರ ಮಾತನ್ನು ಇನ್ನೊಬ್ಬರದು ತಿದ್ದುತ್ತದೆ. ಗಾರ್ನರ್‌ಗೆ ಇರುವುದು ಒಬ್ಬನೇ ವಕೀಲ.

ಹಾಲಿವುಡ್‌ನ ಒಳಗೆ ಅಂದು ಸುದ್ದಿಯಾದದ್ದು ಬೇರೆಯೇ ಸಂಗತಿ. ಸಂಬಳದ ಬರಹಗಾರರು ಒಂದೇ ಕಥೆಯನ್ನು ಕೈಯಿಂದ ಕೈಗೆ ದಾಟಿಸಿ ತಿದ್ದುವುದು ಸ್ಟುಡಿಯೋಗಳ ರೂಢಿ. ಸ್ಟರ್ಜಸ್ ತಾವೊಬ್ಬರೇ ಕೂತು, ಯಾರ ಕರಾರೂ ಇಲ್ಲದೆ, ಶೂಟಿಂಗಿಗೆ ಸಿದ್ಧವಾದ ಪೂರ್ತಿ ಚಿತ್ರಕಥೆ ಬರೆದು ತಂದರು. ಬದಲಿಸಲು ಒಂದು ಮಾತೂ ಸಿಗಲಿಲ್ಲ ಎಂದು ಲಾಸ್ಕಿ ನೆನೆದಿದ್ದಾರೆ. ನಾಟಕಕಾರನಿಗೆ ಕೊಡುವ ಹಾಗೆ 17,500 ಡಾಲರ್ ಮುಂಗಡ, ಜೊತೆಗೆ ಗಳಿಕೆಯಲ್ಲಿ ಶೇಕಡಾವಾರು ಪಾಲು ಎಂದು ಒಪ್ಪಂದವಾಯಿತು. ಬರೆದವನು ಸೆಟ್ಟಿನಲ್ಲೂ ಇದ್ದು ಸಂಭಾಷಣೆ ನೋಡಿಕೊಂಡ. ಬೇರೆ ನಿರ್ಮಾಪಕರಿಗೆ ಇದು ಹಿಡಿಸಲಿಲ್ಲ. ಬರಹಗಾರರೆಲ್ಲ ಪಾಲು ಕೇಳತೊಡಗಿದರೆ ಗತಿಯೇನು ಎಂಬ ಅಳುಕು. ಹಣದ ಲೆಕ್ಕದಲ್ಲಿ ಚಿತ್ರ ದೊಡ್ಡ ಗೆಲುವೇನೂ ಆಗಲಿಲ್ಲ, ಆ ಒಪ್ಪಂದ ರೂಢಿಯೂ ಆಗಲಿಲ್ಲ.

2014ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಈ ಚಿತ್ರ ಸೇರಿತು. ಸ್ಟರ್ಜಸ್ ಮಾತ್ರ ಅಷ್ಟು ಕಾಲ ಕಾಯಲಿಲ್ಲ. ತಮ್ಮ ಬರಹ ಇನ್ನೊಬ್ಬರ ಕೈಗೆ ಹೋಗದಿರಲೆಂದು ‘ದಿ ಗ್ರೇಟ್ ಮೆಕ್‌ಗಿಂಟಿ’ (1940) ಚಿತ್ರಕಥೆಯನ್ನು ಪ್ಯಾರಾಮೌಂಟ್‌ಗೆ ಪುಡಿಗಾಸಿಗೆ ಕೊಟ್ಟು, ನಿರ್ದೇಶನದ ಹಕ್ಕನ್ನು ತಾವೇ ಪಡೆದರು. ಮೂಲ ಚಿತ್ರಕಥೆಗೆಂದು ಪ್ರತ್ಯೇಕ ಆಸ್ಕರ್ ಶುರುವಾದಾಗ ಅದು ಮೊದಲು ಸಂದದ್ದು ಆ ಚಿತ್ರಕ್ಕೆ.